ನೋಂದಣಿ ಕೌಂಟರ್ ಪಕ್ಕದ ಬೆಂಚು

"ಈ ಫಾರಂ ಮಾಡಿದ್ದು ನೀವೇನಾ?"

ಕಂಪ್ಯೂಟರಿನಲ್ಲಿ ಮುಳುಗಿದ್ದ ಪ್ರೋಗ್ರಾಮರ್ ಕತ್ತೆತ್ತಿದ. ಕಣ್ಣಾಸ್ಪತ್ರೆಯ ನರ್ಸ್ ಬಾಗಿಲಲ್ಲಿ ನಿಂತಿದ್ದಳು. ದನಿ ಮೆತ್ತಗಿತ್ತು, ಕಣ್ಣು ಕೆಂಡವಾಗಿತ್ತು.

"ಹೌದು..."

"ನೋಂದಣಿಗೆ ಬಂದ ಅಜ್ಜಿಯೊಬ್ಬರು ಆರು ಸಲ ಪಾಸ್‌ವರ್ಡ್ ಹಾಕಿದ್ರು. ಆರು ಸಲಾನೂ ‘ಸರಿಯಿಲ್ಲ’ ಅಂತ ಕೆಂಪಕ್ಷರ. ಏನು ಸರಿಯಿಲ್ಲ ಅಂತ ಹೇಳ್ಬಾರ್ದಾ? ತಪಾಸಣೆಯೇ ಬೇಡ ಅಂತ ಎದ್ದು ಹೋದ್ರು."

"ದೊಡ್ಡಕ್ಷರ, ಅಂಕಿ, ಚಿಹ್ನೆ ಮೂರೂ ಇರಲೇಬೇಕು. ಸಡಿಲ ಬಿಟ್ರೆ ರೋಗಿಗಳ ದಾಖಲೆ ಕಂಡವರ ಪಾಲಾಗುತ್ತೆ."

ಎಂಥ ಕಲ್ಲು ಮನುಷ್ಯ... ಅಂದುಕೊಂಡು ಅವಳು ಹೊರಟುಹೋದಳು.

ಮರುದಿನದಿಂದ ಅವನು ನೋಂದಣಿ ಕೌಂಟರ್ ಪಕ್ಕದ ಬೆಂಚಿನಲ್ಲಿ ಹಾಜರು. ಎರಡು ವಾರ ಕೂತು ಏನೇನೋ ಬರೆದುಕೊಂಡ. ನನ್ನ ಮೇಲೆ ದೂರು ಕೊಡೋಕೆ ತಪ್ಪು ಹುಡುಕ್ತಿದಾನೆ... ಅಂದುಕೊಂಡಳು ನರ್ಸ್. ಅವನು ಮಾತಾಡಿಸಲು ಬಂದಾಗಲೆಲ್ಲ ಅವಳಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಒಂದು ಬೆಳಗ್ಗೆ ಫಾರಂ ಬದಲಾಗಿತ್ತು. ಚಿಹ್ನೆಗಳ ಕಾಟವಿಲ್ಲ. ಪಾಸ್‌ವರ್ಡ್‌ಗೆ ತಮ್ಮ ಭಾಷೆಯಲ್ಲೇ ಯಾವುದಾದರೂ ನಾಲ್ಕು ಪದ ಸಾಕು. ಸುಲಭವಾಗಿ ಊಹಿಸುವಂಥದ್ದು ಬರೆದರೆ ಯಾಕೆ ಆಗದು ಎಂದು ದಪ್ಪಕ್ಷರದಲ್ಲಿ ತಿಳಿಸುತ್ತಿತ್ತು. ಕಡಿಮೆಯಾದರೆ ‘ಇನ್ನೂ ಎರಡು ಪದ ಬೇಕು’ ಎನ್ನುತ್ತಿತ್ತು.

ಅಂದೇ ಆ ಅಜ್ಜಿ ಮರಳಿ ಬಂದರು. ಎರಡನೇ ಸಲಕ್ಕೇ ನೋಂದಣಿ ಮುಗಿಯಿತು.

"ಫಾರಂ ಮಾಡಿದ ಹುಡುಗನೇ ಫೋನ್ ಮಾಡಿ ಕರೆದ ಕಣಮ್ಮ. ‘ತಪ್ಪು ನಂದು, ತಿದ್ದಿಸಿದ್ದು ಅಲ್ಲಿನ ನರ್ಸ್’ ಅಂದ."

ಅವಳು ನೇರ ಅವನ ಕೋಣೆಗೆ ನಡೆದಳು.

"ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ."

ಅವನು ಕಂಪ್ಯೂಟರಿನಿಂದ ಅವಳತ್ತ ತಿರುಗಿದ. "ಹಿಂದೊಮ್ಮೆ ಅಮ್ಮನ ಆಸ್ಪತ್ರೆ ದಾಖಲೆಯ ಪಾಸ್‌ವರ್ಡನ್ನ ಯಾರೋ ಊಹಿಸಿಬಿಟ್ರು. ಅವರ ಕಾಯಿಲೆ ಸುದ್ದಿ ಕೆಲಸದ ಜಾಗಕ್ಕೆಲ್ಲ ಹರಡ್ತು. ತಲೆ ಎತ್ತಲಾಗದೆ ಕೆಲಸಾನೇ ಬಿಟ್ರು. ಅದಕ್ಕೇ ಅಷ್ಟು ಬಿಗಿ ಮಾಡಿದ್ದೆ. ಅದರಿಂದ ಯಾರು ಹೊರಗುಳೀತಾರೆ ಅಂತ ಯೋಚಿಸಿರಲಿಲ್ಲ."

ಅವಳು ಕುರ್ಚಿ ಎಳೆದು ಕೂತಳು. "ಅಮ್ಮ ಈಗ ಹೇಗಿದಾರೆ?"

"ಚೆನ್ನಾಗಿದಾರೆ. ನಿಮ್ಮ ವಿಷಯ ಹೇಳಿದೀನಿ."

"ಏನಂತ?"

"ನನ್ನನ್ನ ಬೈದವಳೊಬ್ಬಳಿದಾಳೆ... ಅವಳು ಇಷ್ಟ ಆಗಿದಾಳೆ ಅಂತ."

ಅವಳ ಕೆನ್ನೆ ಬಿಸಿಯಾಯಿತು. "ಅದನ್ನ ಮೊದಲು ನನಗಲ್ವಾ ಹೇಳ್ಬೇಕಿದ್ದು?"

"ಧೈರ್ಯ ಬರ್ಲಿಲ್ಲ."

"ಈಗ ಬಂತಲ್ಲ..." ಅವನ ಕೈ ಮೇಲೆ ತನ್ನ ಕೈಯಿಟ್ಟಳು. "ಇನ್ನೊಂದ್ಸಲ ಹೇಳಿ. ನನಗೇ ಹೇಳಿ."