ಡಾಕ್ಟರ್ ಸೊಪ್ಪು ಬೇಡ ಅಂದಿದ್ದಾರೆ

ಜಗತ್ತಿನ ಮುಂದೆ ಎಷ್ಟೋ ಗಹನವಾದ ಪ್ರಶ್ನೆಗಳಿವೆ. ಮಂಡಿಕಲ್ಲಿನ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಅಂದು ಇದ್ದದ್ದು ಒಂದೇ: ಗಣಿತದ ಮೇಷ್ಟ್ರು ಚೈತನ್ಯ ಒಂದು ಸೌಟು ಮಸ್ಸೊಪ್ಪಿನ ಸಾರು ಹಾಕಿಸಿಕೊಳ್ಳುತ್ತಾರೋ ಇಲ್ಲವೋ?

ಸಾರು ತಂದವಳು ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರ್ ರೂಪ.

“ಸ್ವಲ್ಪ ಹಾಕ್ಲಾ ಸರ್?”

ಚೈತನ್ಯ ತಟ್ಟೆಗೆ ಕೈ ಅಡ್ಡ ಹಿಡಿದ. “ಬೇಡ ಮೇಡಂ... ಡಾಕ್ಟರ್ ಸೊಪ್ಪು ಬೇಡ ಅಂದಿದ್ದಾರೆ.”

ರೂಪ ಸೌಟನ್ನು ಪಾತ್ರೆಗೆ ವಾಪಸ್ ಇಟ್ಟಳು. ಅವನು ಕಳವಾರದ ಜಮೀನುದಾರರ ಮಗ. ಅವಳದು ಬುದ್ಧನ ಪಟವಿಟ್ಟ ಮನೆ. ಯಾವ ಕೇರಿಯೆಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ‘ಇವತ್ತು ಒಪ್ಪೊತ್ತು’, ‘ಈಗ ತಾನೇ ತಿಂದೆ’... ಇಂಥ ನೆಪಗಳನ್ನು ಕೇಳಿಯೇ ಬೆಳೆದವಳು. ಆದರೆ ಇಷ್ಟು ಪೆದ್ದು ನೆಪ!

“ಸೊಪ್ಪು ತಿನ್ನಬೇಡ ಅನ್ನೋ ಡಾಕ್ಟರ್ ಯಾವೂರೋರು ಸರ್? ನಮ್ಮನೆ ಪಾತ್ರೇಲಿ ಬೆಂದಿದ್ದು ಗಂಟಲಲ್ಲಿ ಇಳಿಯಲ್ಲ ಅನ್ನಿ, ಮುಗೀತು!”

“ಅಯ್ಯೋ, ಹಾಗಲ್ಲ...”

“ತಿನ್ನಪ್ಪಾ ಚೈತನ್ಯ, ಸೊಪ್ಪೇನು ಕಚ್ಚುತ್ತಾ?” ಎಂದು ಕನ್ನಡದ ಅನಸೂಯಮ್ಮ ನಕ್ಕರು.

ರೂಪಳ ಕಣ್ಣು ತುಂಬಿತ್ತು. ಆ ಕಣ್ಣು ಚೆಂದ ಎಂದು ಅವನಿಗೆ ಅನ್ನಿಸಿದ್ದೇ ತಪ್ಪಾಯಿತು. ‘ಎದೆ ಸೀಳಿ ಕೃತಕ ಕವಾಟ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನುಂಗುತ್ತೇನೆ, ಸೊಪ್ಪು ಹೆಚ್ಚಾದರೆ ಆ ಮಾತ್ರೆ ಸೋಲುತ್ತದೆ...’ ಇದನ್ನು ಇಷ್ಟವಾದ ಹುಡುಗಿಗೆ ಹೇಗೆ ಹೇಳುವುದು?

ಮಾರನೇ ದಿನ ಅವನೇ ತಟ್ಟೆ ಮುಂದೆ ಚಾಚಿದ.

ಆಮೇಲೆ ದಿನಾ ತಿಂದ. ಅಣ್ಣೆಸೊಪ್ಪು, ದಂಟು, ನುಗ್ಗೆ... ಅವಳು ನಗುತ್ತಾ ಬಡಿಸಿದಳು. ಪೌಷ್ಟಿಕಾಂಶದ ದೃಷ್ಟಿಯಿಂದ ಇಷ್ಟು ಆರೋಗ್ಯಕರವಾದ ಪ್ರೇಮ ಆ ಸೀಮೆಯಲ್ಲಿ ಹಿಂದೆ ನಡೆದಿರಲಿಲ್ಲ.

ಒಂದು ಬೆಳಿಗ್ಗೆ ಎಂಟನೇ ತರಗತಿಯಲ್ಲಿ ಅವನ ಕೈಯಿಂದ ಸೀಮೆಸುಣ್ಣ ಜಾರಿತು. ಬಾಯಿ ಒಂದು ಕಡೆಗೆ ವಾಲಿತು.

ಆಸ್ಪತ್ರೆಯಲ್ಲಿ ಅವನ ತಾಯಿ ಶ್ಯಾಮಲಮ್ಮ ಎಲ್ಲವನ್ನೂ ರೂಪಳಿಗೆ ಹೇಳಿದರು... ಆಪರೇಷನ್ನು, ಮಾತ್ರೆ, ಪಥ್ಯ. “ನಾನು ಅಳತೆ ಮಾಡಿ ಬಡಿಸ್ತಿದ್ದೆ ಕಣಮ್ಮ. ಯಾರ ಮನೆ ಸೊಪ್ಪು ತಿಂದನೋ, ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗೈತಂತೆ!”

ರೂಪ ಅವರ ಕಡೆಗೆ ತಿರುಗಿದಳು.

“ನಮ್ಮನೇದು, ಅಮ್ಮಾ.”

ಶ್ಯಾಮಲಮ್ಮ ಎದ್ದು ಬೇರೆ ಬೆಂಚಿಗೆ ಹೋಗಿ ಕುಳಿತರು.

ಅವನಿಗೆ ಎಚ್ಚರವಾದಾಗ ಪಕ್ಕದಲ್ಲಿದ್ದವಳು ರೂಪ.

“ಪೂರ್ತಿ ಹೇಳಬಾರದಿತ್ತೇನ್ರೀ?”

“ಹೇಳಿದ್ರೆ... ಬಿಟ್ಟು... ಹೋಗ್ತಿದ್ರಿ,” ಅವನು ತೊದಲಿದ.

ಅವಳು ಅವನ ಬಲಗೈ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು.

“ಎಲ್ಲೂ ಹೋಗಲ್ಲ. ಕೈ ಹಿಡ್ಕೊಂಡಿದೀನಿ, ಗೊತ್ತಾಗ್ತಿದ್ಯಾ?”

“ಇಲ್ಲ...”

“ಇರ್ಲಿ ಬಿಡಿ. ನಂಗೆ ಗೊತ್ತಾಗ್ತಿದೆ.”

ಚಿಕ್ಕಬಳ್ಳಾಪುರದಲ್ಲಿ ಅವರ ಮದುವೆ ರಿಜಿಸ್ಟರ್ ಆಯಿತು. ಸಹಿಯ ಜಾಗದಲ್ಲಿ ಗಣಿತದ ಮೇಷ್ಟ್ರು ಎಡಗೈ ಹೆಬ್ಬೆಟ್ಟು ಒತ್ತಿದರು.