ಹಿಟ್ಟು ಹಾಕುವ ಕೂಗು

ರಾಗಿಮುದ್ದೆಯ ಎಸರಿಗೆ ಯಾವ ಹೊತ್ತಿನಲ್ಲಿ ಹಿಟ್ಟು ಹಾಕಬೇಕು ಎಂಬುದು ಸಂಸಾರದ ಅಳಿವು ಉಳಿವಿನ ಪ್ರಶ್ನೆ. ಜಾವಗಲ್ಲಿನ ನಮ್ಮಕ್ಕ ಸಾವಿತ್ರಮ್ಮನ ಮನೆಯಲ್ಲಿ ಅದನ್ನು ತೀರ್ಮಾನಿಸುತ್ತಿದ್ದದ್ದು ಭಾವ ಕೆಂಚಪ್ಪನವರ ಗಂಟಲು. ಸಂಜೆ ತೆಂಗಿನ ತೋಟದಿಂದ ಹೊರಡುವಾಗ "ಹಿಟ್ಟು ಹಾಕೇ" ಎಂದು ಕೂಗಿದರೆ, ಅವರು ಮನೆ ಮುಟ್ಟುವಷ್ಟರಲ್ಲಿ ಬಿಸಿಮುದ್ದೆ ತಟ್ಟೆಯಲ್ಲಿರುತ್ತಿತ್ತು.

ಆ ದನಿ ಒಡೆದು ತಿಂಗಳಾದರೂ ಸರಿಹೋಗಲಿಲ್ಲ. ಹಾಸನದ ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಗೆಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಉಸಿರಾಟ ಈಗ ಕತ್ತಿನ ತೂತಿನಲ್ಲಿ. ಭಾವನಿಗೆ ಜೀವ ಉಳಿದದ್ದಕ್ಕಿಂತ ಕೂಗು ಹೋದದ್ದೇ ದೊಡ್ಡದಾಗಿತ್ತು. ನಾನು ಮಹಾಬುದ್ಧಿವಂತನಂತೆ ಕಂಡಕ್ಟರ್ ಊದುವ ವಿಷಲ್ ಕೊಂಡುಹೋದೆ. ಬಾಯಲ್ಲಿ ಉಸಿರೇ ಬಾರದವರು ಊದುವುದೇನನ್ನು? ಬಾಯಿಗಿಟ್ಟು ನೋಡಿ, ನನಗೇ ವಾಪಸ್ಸು ಕೊಟ್ಟು ಮುಖ ತಿರುಗಿಸಿದರು.

ಅದೇ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ತೋಟಕ್ಕೆ ಹೋದರು. ಆಪರೇಷನ್ ಆದಮೇಲೆ ಅವರು ಅಲ್ಲಿಗೆ ಬಂದದ್ದು ಅಂದೇ ಮೊದಲು. ಸಂಜೆ ಹೊರಡಲು ಎದ್ದಾಗ ನಮ್ಮ ಬೆನ್ನ ಹಿಂದಿನಿಂದ "ಹಿಟ್ಟು ಹಾಕೇ" ಎಂದು ಕೇಳಿಸಿತು. ಕಾಯಿಲೆಗೆ ಮುಂಚಿನ, ಒಡಕಿಲ್ಲದ ದನಿ. ಭಾವ ಕತ್ತಿನ ತೂತಿನೆದುರು ಅಂಗೈ ಹಿಡಿದು ನೋಡಿಕೊಂಡರು. ನನ್ನ ಕೈಯನ್ನೂ ಎಳೆದು ಹಿಡಿಸಿದರು. ಉಸಿರು ಬೆಚ್ಚಗೆ, ಸದ್ದಿಲ್ಲದೆ ಆಡುತ್ತಿತ್ತು. ಕೂಗು ಮತ್ತೊಮ್ಮೆ ಬಂತು.

ಮನೆಯಲ್ಲಿ ಅಕ್ಕ ಮುದ್ದೆ ಕಟ್ಟುತ್ತಿದ್ದಳು.

"ಯಾರಕ್ಕಾ ಕೂಗಿದ್ದು?"

"ನಿಮ್ ಭಾವ ಕಣೋ, ಇನ್ಯಾರು? ಅವ್ರಿನ್ನೂ ಆಸ್ಪತ್ರೇಲಿದ್ದಾಗ್ಲೇ ಶುರುವಾಗೈತೆ. ನಾನೂ ಹಿಟ್ಟು ಹಾಕ್ತಾನೇ ಇದ್ದೀನಿ."

ಭಾವ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡರು. ಆಮೇಲೆ ಕೈ ತೊಳೆದು ಉಣ್ಣಲು ಕೂತರು.

ಈಗ ತೋಟದಲ್ಲಿ ಆ ಕೂಗು ಕೇಳಿದ ಮೇಲೆಯೇ ಅವರು ಮನೆಗೆ ಹೊರಡುತ್ತಾರೆ.