ಗೋಡೆಯ ಆ ಬದಿಯ ಕಿವಿ

ಇಂಜಿನಿಯರ್ ಗೋಡೆಗೆ ಕಿವಿಯಿಟ್ಟು ನಿಂತಿದ್ದ. ಆ ಜಾಗ ಬಡಗಿಯದು.

ಹಳೆಯ ಶಾಲೆಯನ್ನು ಕೆಡವದೆ ಊರವರ ಓದುಮನೆಯಾಗಿ ಉಳಿಸುವ ಕೆಲಸ ಶುರುವಾದಾಗಿನಿಂದ ಅದೇ ರೂಢಿ. ಗಾರೆ ಕೆಲಸದವಳು ಗೋಡೆಯ ಈ ಬದಿಯಲ್ಲಿ ಬೆರಳ ಗೆಣ್ಣಿನಿಂದ ತಟ್ಟುವಳು. ಬಡಗಿ ಕಿಟಕಿ ರಿಪೇರಿ ಬಿಟ್ಟು ಬಂದು ಆ ಬದಿಯಲ್ಲಿ ಕಿವಿಯಿಟ್ಟು, ಒಳಗೆ ಗಟ್ಟಿಯೋ ಟೊಳ್ಳೋ ಹೇಳುವನು. ಅಷ್ಟಕ್ಕೇ ಅವನಿಗೆ ದಿನವೆಲ್ಲ ಉಳಿ ಹಗುರ.

ಈ ವಾರ ಇಂಜಿನಿಯರ್ ಬಂದ. ನಡುಗೋಡೆ ಭದ್ರವಾಗಿದೆಯೆಂದು ಅವನು ಒಪ್ಪಿದರೆ ಕಟ್ಟಡ ಉಳಿಯುತ್ತದೆ, ಇಲ್ಲವಾದರೆ ನೆಲಸಮ. ಬಂದ ದಿನವೇ ಅವಳು ಬಡಗಿಯನ್ನು ಕಿಟಕಿಗೆ ಅಟ್ಟಿ, ಹೊಸಬನನ್ನು ಗೋಡೆಯ ಆಚೆ ನಿಲ್ಲಿಸಿದಳು. ಅವನ ಕೆನ್ನೆಗೆ ಸುಣ್ಣ ಮೆತ್ತಿದ್ದು ಕಂಡು ನಕ್ಕಳು, ತನ್ನ ಕರವಸ್ತ್ರ ಕೊಟ್ಟಳು. ಬಡಗಿಯ ಕಿವಿಗೆ ತಿಂಗಳುಗಟ್ಟಲೆ ಸುಣ್ಣ ಮೆತ್ತಿದೆ. ಒಂದು ಚಿಂದಿಯನ್ನೂ ಯಾರೂ ಕೊಟ್ಟಿಲ್ಲ.

ಓದುಮನೆಗಾಗಿ ಚಂದಾ ಕೇಳುತ್ತ ಮನೆಮನೆ ತಿರುಗಿದ್ದ ಬಡಗಿಯ ಅಕ್ಕ ಬುತ್ತಿ ತಂದವಳು ತಮ್ಮನನ್ನೇ ನೋಡುತ್ತ ನಿಂತಳು.

"ಆ ಚೌಕಟ್ಟು ನಿಂಗೇನು ಮಾಡ್ತೋ? ಹಾಗೆ ಉಜ್ತಿದೀಯ."

"ಸೊಟ್ಟಗಿದೆ."

"ಚೌಕಟ್ಟಾ, ನಿನ್ನ ಮೂತಿನಾ?"

ಅವನು ಇನ್ನೂ ಜೋರಾಗಿ ಉಜ್ಜಿದ. ಗೋಡೆ ಬಿದ್ದೇ ಹೋಗಲಿ ಎಂದುಕೊಂಡ. ಅಕ್ಕ ಅಕ್ಷರ ಕಲಿತದ್ದು ಅದೇ ಕೋಣೆಯಲ್ಲಿ ಎಂದು ನೆನಪಾಗಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಹೊಟ್ಟೆಯ ಉರಿ ಆರಲಿಲ್ಲ.

ಮಧ್ಯಾಹ್ನ ತಟ್ಟುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಬಡಗಿಗೆ ತಡೆಯಲಾಗಲಿಲ್ಲ. ಉಳಿ ಕೆಳಗಿಟ್ಟು ಆ ಬದಿಯ ಕೋಣೆಗೆ ಹೋದ. ಅಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಅವನು ಮೆಲ್ಲಗೆ ಕಿವಿಯಿಟ್ಟ.

ಟಕ್ ಟಕ್. ಸರಿಯಾಗಿ ಅವನ ಕಿವಿಯಿದ್ದ ಕಡೆಯೇ.

"ಅವರು ಹೊರಟ್ರು," ಮೇಲಿನ ಗವಾಕ್ಷಿಯಿಂದ ಅವಳ ದನಿ ಇಳಿಯಿತು. "ಗೋಡೆ ಭದ್ರವಾಗಿದೆ ಅಂತ ಒಪ್ಪಿದ್ರು."

"ನನ್ನ ಕಿವಿಗೆ ಏನಾಗಿತ್ತು?"

"ಕಮಾನಿನ ಹತ್ರ ಗಟ್ಟಿ ಅಂತ ನೀನೇ ಅಂದಿದ್ದೆ. ಮಾರನೇ ದಿನ ಅಷ್ಟೂ ಗಾರೆ ನನ್ನ ತಲೆ ಮೇಲೆ ಬಿತ್ತು. ಆವತ್ತು ನೀನು ಗೋಡೆ ಕೇಳಿಸ್ಕೊಂಡಿದ್ಯಾ?"

ಅವನು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ.

"ಇಲ್ಲ. ನೀನು ಏನೋ ಗುನುಗ್ತಿದ್ದೆ. ಅದನ್ನ ಕೇಳ್ತಿದ್ದೆ."

ಗೋಡೆಯಾಚೆಯಿಂದ ಮೆಲ್ಲಗೆ ಒಂದು ಟಕ್.

"ಗೊತ್ತಿತ್ತು," ಎಂದಳು. "ಅದಕ್ಕೇ ಗೋಡೆಗೆ ಬೇರೆ ಕಿವಿ ಹುಡುಕಿದೆ. ನಂಗೆ ಈ ಕಿವಿನೇ ಸಾಕು."

ಅವನು ಬಾಗಿಲು ಬಳಸಿ ಅವಳಿದ್ದ ಬದಿಗೆ ಬಂದ. ಅವಳು ಅವನ ಕಿವಿಯನ್ನೇ ನೋಡುತ್ತಿದ್ದಳು.

"ಕರವಸ್ತ್ರ ಎಲ್ಲಿ?" ಎಂದ.

"ಅವರ ಹತ್ರನೇ ಉಳೀತು."

ಅವನ ಮೂತಿ ಮತ್ತೆ ಸೊಟ್ಟಗಾಯಿತು. ಅವಳು ನಗುತ್ತ ಹತ್ತಿರ ಬಂದು, ಬರಿಗೈಯಲ್ಲೇ ಅವನ ಕಿವಿಯ ಸುಣ್ಣ ಒರೆಸತೊಡಗಿದಳು.